ಬಿಳಿ ಕಡ್ಡಿಯ ಸಾಲು

ಕನ್ನಡದ ೧ಕ್ಕೆ ಬಾಯಿ ತೆರೆದಿರುತ್ತದೆ, ಅದನ್ನು ಮುಚ್ಚಿ ಸೊನ್ನೆ ಮಾಡಲು ಪೆನ್ನಿನ ಒಂದು ಸಣ್ಣ ಗೀರು ಸಾಕು ಎಂಬುದು ಪದ್ಮಜಾಳಿಗೆ ಹಲ್ಲುಜ್ಜುವಾಗ ಮತ್ತೆ ನೆನಪಾಯಿತು. ನೆನಪಾದದ್ದರಿಂದ ಬೆಳಗೇನೂ ಕೆಡಲಿಲ್ಲ. ಜನವರಿಯ ಕೊನೆಯ ವಾರ. ಹಾವೇರಿಯ ಚಳಿ ಇನ್ನೂ ಗೋಡೆಗಳಲ್ಲಿ ಉಳಿದಿತ್ತು, ಆದರೆ ಹಿತ್ತಲ ಕಲ್ಲಿನ ಮೇಲೆ ಬಿದ್ದ ಬಿಸಿಲು ಕಾಲಿಗೆ ಹಿತವಾಗಿತ್ತು, ಒಳಗೆ ತಾಯಿ ಜಾನಕೀಬಾಯಿ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದ ಸದ್ದು ಕೇಳುತ್ತಿತ್ತು. ಹೇಗಿದ್ದೀ ಎಂದು ಯಾರಾದರೂ ಕೇಳಿದರೆ ಪದ್ಮಜಾ ಚೆನ್ನಾಗಿದ್ದೇನೆ ಎಂದೇ ಹೇಳುತ್ತಿದ್ದಳು, ಅದು ಸುಳ್ಳೂ ಆಗಿರಲಿಲ್ಲ. ಗುತ್ತಲದ ರಸ್ತೆಯಲ್ಲಿರುವ ತೋಟಗಾರಿಕೆ ಕೇಂದ್ರದಲ್ಲಿ ಹೂವಿನ ತಳಿಗಳ ಕೆಲಸ. ಬೆಳಿಗ್ಗೆ ಎದ್ದರೆ ಹೋಗಬೇಕೆನಿಸುವ ಕೆಲಸ. ಅಡುಗೆಮನೆಯ ಕಿಟಕಿಯಲ್ಲಿ ಸ್ಟೀಲಿನ ಲೋಟದೊಳಗೆ ಅವಳೇ ತಂದಿಟ್ಟ ಸೇವಂತಿಗೆ ಇತ್ತು. ಹಸಿ ಬೆಲ್ಲದ ಬಣ್ಣ, ದಳದ ತುದಿಯಲ್ಲಿ ತುಸು ತಾಮ್ರ. ದೇವರ ಮುಂದೆ ಮಾತ್ರ ಪೇಟೆಯಿಂದ ತಂದ ಹಳದಿ ಹೂವೇ. ಇದಕ್ಕೆ ಏನೇನೋ ಕಿರಣ ಬಿಟ್ಟಿದ್ದೀರಿ, ನೋಡಲಿಕ್ಕೆ ಇರಲಿ, ದೇವರಿಗೆ ಬೇಡ ಎಂದು ಜಾನಕೀಬಾಯಿ ಮೊದಲ ದಿನವೇ ಹೇಳಿಬಿಟ್ಟಿದ್ದಳು. ಕಿರಣ ಗಿಡದೊಳಗೆ ಉಳಿಯುವುದಿಲ್ಲವಮ್ಮ, ಬಿಸಿಲಿಗೆ ಹಿಡಿದ ಕೈಯಲ್ಲಿ ಬಿಸಿಲು ಉಳಿದೀತೇ ಎಂದು ಮಗಳು ಹತ್ತು ಸಲ ತಿಳಿಹೇಳಿದ್ದಳು. ಇವತ್ತು ತಾಯಿ ಅದೇ ಮಾತು ತೆಗೆದಾಗ ಪದ್ಮಜಾ ಸುಮ್ಮನೆ ಅವಲಕ್ಕಿ ತಿಂದಳು. ಈ ಗಿಡಕ್ಕೆ ಕಿರಣ ಬಿದ್ದಿದೆಯೋ ಇಲ್ಲವೋ ಎಂಬುದೇ ತನಗೆ ಗೊತ್ತಿಲ್ಲದಿರುವಾಗ ಏನೆಂದು ತಿಳಿಹೇಳುವುದು?

ತಟ್ಟೆ ತೊಳೆಯುತ್ತಿದ್ದಾಗ ರಾಣೆಬೆನ್ನೂರಿನಿಂದ ಬಾಳಕೃಷ್ಣ ಸರ್ ಅವರ ಫೋನು ಬಂತು. ಯೋಜನೆಯ ಮುಖ್ಯಸ್ಥರು ಅವರು, ಒಳ್ಳೆಯ ಮನುಷ್ಯ, ಖುಷಿಯಾದಾಗ ಮಾತಿನ ನಡುವೆ ಕೆಮ್ಮುವ ಅಭ್ಯಾಸ. ಮೂರನೇ ಪೀಳಿಗೆಯಲ್ಲೂ ಬಣ್ಣ ಕದಲಿಲ್ಲವೆಂದ ಮೇಲೆ ಇನ್ನೇನು ಬೇಕು, ಹೊಸ ತಳಿಯ ವರದಿಯನ್ನು ಶನಿವಾರದೊಳಗೆ ಕಳಿಸಿಬಿಡಿ, ಕಿರಣದ ಅಳತೆ ಹದಿನೈದು ಗ್ರೇ ಎಂಬುದನ್ನು ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಹಾಕಿ ಎಂದು ಎರಡು ಸಲ ಕೆಮ್ಮಿದರು. ಆಯ್ತು ಸರ್ ಎಂದಳು. ಫೋನು ಇಟ್ಟ ಮೇಲೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಕೇಂದ್ರಕ್ಕೆ ಫೋನು ಮಾಡಿ ಅರ್ಧ ದಿನ ರಜೆ ಎಂದು ಹೇಳಿ, ಬ್ಯಾಡಗಿಯ ಬಸ್ಸು ಹತ್ತಿದಳು. ಮೊದಲು ಕೇಂದ್ರದಲ್ಲಿ ಕೂಲಿಗಿದ್ದ ಬೀರವ್ವ ಈಗ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುತ್ತಾಳೆಂದು ಕೇಂದ್ರದ ಹೊಲದ ಲೆಕ್ಕ ಬರೆಯುವ ಮೈಲಾರಲಿಂಗ ಹೇಳಿದ್ದ. ಹೇಳಿ ಒಂದು ವರ್ಷವಾಗಿತ್ತು.

ಕಂಡಕ್ಟರು ಕೊಟ್ಟ ಸೊನ್ನೆ ರೂಪಾಯಿಯ ಟಿಕೆಟನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕಿಟಕಿಯ ಪಕ್ಕ ಕೂತಳು. ಕಟಾವಾದ ಗೋವಿನಜೋಳದ ಹೊಲಗಳು, ಹತ್ತಿಯ ಕಡ್ಡಿಗಳು, ರಸ್ತೆಬದಿಯ ಬೇವಿನ ಮರಗಳು ಹಿಂದಕ್ಕೆ ಸರಿದವು. ಎರಡೂವರೆ ವರ್ಷದ ಹಿಂದೆ ನೇರಳೆ ಸೇವಂತಿಗೆಯ ಬೇರು ಬಿಟ್ಟ ತುಂಡುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಹೋಗಿದ್ದಳಲ್ಲ, ಆ ದಿನವೂ ಹೀಗೇ ಕಿಟಕಿಯ ಪಕ್ಕವೇ ಕೂತಿದ್ದಳು. ದೂರದ ಪ್ರಯೋಗಾಲಯದಲ್ಲಿ ಸೀಸದ ದಪ್ಪ ಗೋಡೆಯ ಒಂದು ಯಂತ್ರ. ತುಂಡುಗಳನ್ನು ಡಬ್ಬಿಯೊಳಗಿಟ್ಟರೆ ಡಬ್ಬಿ ನಿಧಾನ ಕೆಳಗಿಳಿಯುತ್ತದೆ, ಅಳತೆ ಮುಗಿದ ಮೇಲೆ ಮೇಲೆ ಬರುತ್ತದೆ, ಅಷ್ಟೇ. ಬೆಳಕಿಲ್ಲ, ಸದ್ದಿಲ್ಲ, ವಾಸನೆಯೂ ಇಲ್ಲ. ಮೇಲೆ ಬಂದ ತುಂಡು ಹೋದಂತೆಯೇ ಹಸಿರಾಗಿತ್ತು. ಒಳಗೆಲ್ಲೋ ಒಂದು ಎಳೆ ಮುರಿದು ಬೇರೆ ರೀತಿಯಲ್ಲಿ ಕೂಡಿಕೊಂಡಿರಬಹುದು, ಇಲ್ಲದಿರಬಹುದು. ಅದು ಗೊತ್ತಾಗಲು ಗಿಡ ಬೆಳೆಯಬೇಕು, ಕಾಯಬೇಕು. ಆ ಕಾಯುವಿಕೆಯೇ ಅವಳಿಗೆ ಇಷ್ಟವಾದದ್ದು. ಹತ್ತು ಗ್ರೇ ಅಳತೆಯ ಕಿರಣ ಕೊಟ್ಟವಕ್ಕೆ ಹಸಿರು ಬಣ್ಣದ ಕಡ್ಡಿ, ಹದಿನೈದಕ್ಕೆ ನೀಲಿ, ಇಪ್ಪತ್ತಕ್ಕೆ ಕೆಂಪು, ಏನೂ ಕೊಡದೆ ಹೋಲಿಕೆಗೆಂದು ಇಟ್ಟವಕ್ಕೆ ಬಿಳಿ. ಸಾಲಿಗೆ ನಲವತ್ತರಂತೆ ನಾಲ್ಕು ಸಾಲು ಚೀಲಗಳು. ಕೆಲಸದ ಹೆಂಗಸರು ಅವನ್ನು ಕರೆಂಟ್ ಕೊಟ್ಟವು, ಕೊಡದವು ಎನ್ನುತ್ತಿದ್ದರು; ಪದ್ಮಜಾ ಮೊದಮೊದಲು ತಿದ್ದಿ, ಆಮೇಲೆ ತಾನೂ ಹಾಗೇ ಅನ್ನತೊಡಗಿದ್ದಳು. ಕೆಂಪು ಕಡ್ಡಿಯ ಸಾಲಿಗೆ ಪೆಟ್ಟು ಜೋರಾಗಿತ್ತು. ಒಂದೂವರೆ ತಿಂಗಳಿಗೆ ಅರ್ಧಕ್ಕರ್ಧ ಸತ್ತಿದ್ದವು, ಉಳಿದವುಗಳಲ್ಲಿ ಕೆಲವು ಹೆಬ್ಬೆರಳೆತ್ತರಕ್ಕೆ ಮುರುಟಿ ನಿಂತಿದ್ದವು. ಸತ್ತವನ್ನೂ ಸಾಯಲಿರುವವನ್ನೂ ಒಟ್ಟಿಗೆ ಸತ್ತವೆಂದೇ ಬರೆದು, ಕಿತ್ತು ತಿಪ್ಪೆಗೆ ಹಾಕಿಸಿದ್ದಳು. ಜಾಗ ಬೇಕಾಗಿತ್ತು. ಅದೇ ವಾರ ರಾಣೆಬೆನ್ನೂರಿನ ಸಭೆಯಲ್ಲಿ ಹೊರಗಿನಿಂದ ಬಂದ ತಜ್ಞರೊಬ್ಬರು ಅವಳ ಗಿಡಗಳ ಚಿತ್ರಗಳನ್ನು ನೋಡುತ್ತ, ಮೂರು ವರ್ಷದಿಂದ ಒಂದು ಹೊಸ ಹೂವಿಲ್ಲ, ಇದು ತೋಟವೋ ಮಸಣವೋ ಎಂದು ಕೇಳಿದ್ದರು. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು, ಎಲ್ಲರಿಗಿಂತ ತುಸು ಹೆಚ್ಚು ಹೊತ್ತು.

ಆಮೇಲೆ ನವೆಂಬರು ಬಂತು. ಹಿಂದಿನ ದಿನ ಜೋರು ಗಾಳಿ ಬೀಸಿ ಚೀಲಗಳು ಅಲ್ಲಲ್ಲಿ ಉರುಳಿದ್ದವು. ಬಾಳಕೃಷ್ಣ ಸರ್ ಬಂದಿದ್ದರು, ಹತ್ತು ಜನ ವಿದ್ಯಾರ್ಥಿಗಳಿದ್ದರು. ನೀರು ಹಾಕುತ್ತಿದ್ದ ಬೀರವ್ವ ದೂರದಿಂದಲೇ ಕೈ ಮಾಡಿ ಕರೆದಳು. ಐವತ್ತೈದರ ಹೆಂಗಸು, ಕಾಗಿನೆಲೆಯ ಕಡೆಯವಳು, ಏಳು ವರ್ಷದಿಂದ ಕೇಂದ್ರದಲ್ಲಿ ದಿನಗೂಲಿ. ಬಿಳಿ ಕಡ್ಡಿಯ ಸಾಲಿನ ತುದಿಯಲ್ಲಿ ಒಂದು ಗಿಡ್ಡ ಗಿಡ, ಅದರಲ್ಲೊಂದು ನೇರಳೆ ಹೂವು, ಆ ಹೂವಿನ ಒಂದು ಮಗ್ಗುಲಿನ ಏಳೆಂಟು ದಳಗಳು ಬೆಲ್ಲದ ಬಣ್ಣ. ಪದ್ಮಜಾ ಚೀಲದ ಮುಂದೆ ಕುಕ್ಕರಿಸಿದಳು. ಮೊದಲ ಕ್ಷಣ ಬರೀ ಸಂತೋಷ. ಎರಡನೇ ಕ್ಷಣ ಕಣ್ಣು ಪಕ್ಕದ ಚೀಲದ ಬಿಳಿ ಕಡ್ಡಿಯ ಮೇಲೆ ಬಿತ್ತು; ಇದರ ಕಡ್ಡಿ ಗಾಳಿಗೆ ಬಿದ್ದುಹೋಗಿರಬೇಕು. ಕಿರಣವೇ ತಾಗದ ಸಾಲು. ಹಾಗಾದರೆ ಇದು ತನ್ನಷ್ಟಕ್ಕೆ ತಾನೇ ಆದ ಬದಲಾವಣೆ, ಇದರಲ್ಲಿ ತನ್ನ ಮೂರು ವರ್ಷಗಳಿಗೆ ಯಾವ ಪಾಲೂ ಇಲ್ಲ. ಪಕ್ಕದ್ದು ನೀಲಿ ಸಾಲು. ಗಾಳಿಗೆ ಆ ಸಾಲಿನಿಂದ ಉರುಳಿ ಬಂದಿದೆ ಸರ್ ಎಂಬ ಮಾತು ಅವಳ ಬಾಯಿಂದ ತಾನಾಗಿಯೇ ಹೊರಟಿತು. ಬೀರವ್ವ, ಅದು ಅಲ್ಲಿದಲ್ರಿ, ಅದನ್ನ ನಾನ, ಎಂದು ಏನೋ ಹೇಳಹೊರಟಳು. "ನಿನಗೇನ ತಿಳೀತದ ಬೀರವ್ವ? ನೀರ ಹಾಕೂದು ನಿನ್ನ ಕೆಲಸ, ಅಷ್ಟ ಮಾಡು" ಎಂದಳು ಪದ್ಮಜಾ, ಎಲ್ಲರ ಮುಂದೆ, ನಗುನಗುತ್ತಲೇ. ವಿದ್ಯಾರ್ಥಿಗಳೂ ನಕ್ಕರು. ಬೀರವ್ವ ಕೊಡ ಎತ್ತಿಕೊಂಡು ಹೋದಳು. ಆ ಸಂಜೆ ಪದ್ಮಜಾ ನೀಲಿ ಕಡ್ಡಿ ಚುಚ್ಚಿ, ಮೈಲಾರಲಿಂಗ ಕನ್ನಡ ಅಂಕಿಗಳಲ್ಲಿ ಬರೆದಿಡುತ್ತಿದ್ದ ಹೊಲದ ಪುಸ್ತಕ ತೆಗೆದು ನೋಡಿದಳು. ಗಾಳಿಗೆ ಎರಡು ತಿಂಗಳು ಮೊದಲೇ, ಸೆಪ್ಟೆಂಬರಿನ ಎಣಿಕೆಯಲ್ಲೇ, ಬಿಳಿ ಸಾಲಿನಲ್ಲಿ ೪೧ ಎಂದಿತ್ತು. ಇಟ್ಟದ್ದೇ ನಲವತ್ತು, ನಲವತ್ತೊಂದು ಹೇಗಾದೀತು, ಎಣಿಸುವಾಗ ತಪ್ಪಿದ್ದಾನೆ ಎಂದುಕೊಂಡು ೧ರ ಬಾಯಿ ಮುಚ್ಚಿದಳು. ತಪ್ಪನ್ನು ತಿದ್ದಿದೆ ಎಂದು ಆಗ ಖಂಡಿತ ನಂಬಿದ್ದಳೇ? ನಂಬಿದ್ದಳು. ಆದರೆ ತಿದ್ದುವ ಮೊದಲು ಬಾಗಿಲ ಕಡೆ ನೋಡಿದ್ದಳು. ಮುಂದಿನ ವಾರದಿಂದ ಬೀರವ್ವ ಕೆಲಸಕ್ಕೆ ಬರಲಿಲ್ಲ. ಮೆಣಸಿನಕಾಯಿ ಸುಗ್ಗಿ, ಅಲ್ಲಿ ಕೂಲಿ ಹೆಚ್ಚು ಎಂದು ಪದ್ಮಜಾ ಎಲ್ಲರಿಗೂ ತಾನೇ ಕಾರಣ ಹೇಳಿದ್ದಳು.

ಮೋಟೆಬೆನ್ನೂರು ದಾಟಿದ ಮೇಲೆ ಗಾಳಿಯಲ್ಲಿ ಘಾಟು ಶುರುವಾಯಿತು. ಬಸ್ಸಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಸೀನಿದರು, ಯಾರೂ ಅದನ್ನು ಲೆಕ್ಕಿಸಲಿಲ್ಲ. ಬ್ಯಾಡಗಿಯಲ್ಲಿ ಇಳಿದು ಕೇಳುತ್ತ ಹೋದಳು. ಮಾರುಕಟ್ಟೆಯ ಅಂಗಳದಲ್ಲಿ ಚೀಲಗಳ ರಾಶಿ, ಬಾಯಿ ಬಿಚ್ಚಿದ ಚೀಲಗಳಿಂದ ಇಣುಕುವ ಕೆಂಪು, ಹೆಗಲ ಮೇಲೆ ಹೊತ್ತು ಓಡುವ ಹಮಾಲರು. ತನ್ನ ಇಸ್ತ್ರಿ ಸೀರೆ, ಹೆಗಲ ಚೀಲ, ಮೂಗಿಗೆ ಹಿಡಿದ ಕರ್ಚೀಫು ಎಲ್ಲವೂ ಅವಳಿಗೇ ನಗು ತರಿಸಿದವು. ಯಾವ ಬೀರವ್ವ ಎಂದು ಒಬ್ಬ ಕೇಳಿದ. ಮನೆತನದ ಹೆಸರು ಅವಳಿಗೆ ಗೊತ್ತಿರಲಿಲ್ಲ. ಎತ್ತರಕ್ಕಿದ್ದಾಳೆ, ಕಾಗಿನೆಲೆ ಕಡೆಯಿಂದ ಬರುತ್ತಾಳೆ ಎಂದಳು. ಅಂಥವರು ಆರು ಮಂದಿ ಇದ್ದಾರೆ ಎಂದ ಅವನು, ಆದರೂ ದಾರಿ ತೋರಿಸಿದ. ಎರಡು ಗೋದಾಮು ತಪ್ಪಾಗಿ ಹೊಕ್ಕು ಹೊರಬಂದ ಮೇಲೆ ಮೂರನೆಯದರಲ್ಲಿ, ತಗಡಿನ ಮಾಡಿನ ಕೆಳಗೆ ಮೂವತ್ತು ಹೆಂಗಸರು ಸಾಲಾಗಿ ಕೂತಿದ್ದ ಕಡೆ, ಆ ಉದ್ದನೆಯ ಬೆನ್ನನ್ನು ಗುರುತು ಹಿಡಿದಳು. ಏಳು ವರ್ಷ ಸಾಲುಗಳ ಮಧ್ಯೆ ಬಾಗಿ ನಿಂತದ್ದನ್ನೇ ನೋಡಿದ್ದ ಬೆನ್ನು.

ಬೀರವ್ವ ತಲೆಯೆತ್ತಿ ನೋಡಿ, ಬರ್ರಿ ಮೇಡಮ್ಮಾರ ಎಂದಳು, ನಿನ್ನೆಯಷ್ಟೇ ಕಂಡವಳಂತೆ. ಕೈ ನಿಲ್ಲಿಸಲಿಲ್ಲ. ಪಕ್ಕದಲ್ಲಿದ್ದ ಹೆಂಗಸು, ಜೈತೂನಬಿ ಎಂದು ಆಮೇಲೆ ಗೊತ್ತಾಯಿತು, ಸರಿದು ಜಾಗ ಮಾಡಿ ಗೋಣಿಚೀಲ ಹಾಸಿ, ಮೂಗಿಗೆ ಕಟ್ಟಿಕೊಳ್ಳಲು ಒದ್ದೆ ಬಟ್ಟೆ ಕೊಟ್ಟಳು. ಪದ್ಮಜಾ ಕೂತಳು. ಸುಮ್ಮನೆ ಕೂರುವುದು ಅವಮಾನವೆನಿಸಿ ಒಂದು ಕಾಯಿ ಎತ್ತಿಕೊಂಡು ತೊಟ್ಟು ಮುರಿಯಹೋದಳು. ತೊಟ್ಟಿನ ಜೊತೆ ಕಾಯಿಯ ಹೆಗಲೂ ಹರಿದು ಬೀಜ ಸೀರೆಯ ಮೇಲೆ ಚೆಲ್ಲಿತು. ಯಾರೂ ನಗಲಿಲ್ಲ. ಜೈತೂನಬಿ ಹೆಬ್ಬೆರಳನ್ನು ಎಲ್ಲಿ ಊರಬೇಕೆಂದು ತೋರಿಸಿದಳು. ಐದನೆಯದೋ ಆರನೆಯದೋ ಸರಿಯಾಗಿ ಬಂತು. ಅಷ್ಟರಲ್ಲಿ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಮೂಗು ಸೋರುತ್ತಿತ್ತು, ಆ ಸ್ಥಿತಿಯಲ್ಲಿ ಇನ್ನು ಮರ್ಯಾದೆ ಕಾಯ್ದುಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲವಾದ್ದರಿಂದ ಅವಳಿಗೆ ಒಂಥರಾ ಹಗುರವಾಯಿತು. ಆ ಗಿಡ ಯಾವ ಸಾಲಿನದು ಬೀರವ್ವ, ಅವತ್ತು ಏನೋ ಹೇಳಲಿಕ್ಕೆ ಬಂದಿದ್ದಿರಿ ಎಂದು ಕೇಳಿದಳು. ಬಿಳಿ ಸಾಲಿನದು ಎಂಬ ಉತ್ತರಕ್ಕೆ ಮನಸ್ಸನ್ನು ಸಿದ್ಧಮಾಡಿಕೊಂಡೇ ಬಂದಿದ್ದಳು. ಹಾಗಿದ್ದರೆ ಹಾಗೇ ಬರೆಯುವುದು. ಕಿರಣದ ಯೋಜನೆ ಅಲ್ಲಿಗೆ ಮುಗಿಯುತ್ತದೆ, ಮುಗಿಯಲಿ.

ಬೀರವ್ವ ಮಡಿಲಲ್ಲಿದ್ದ ಕಾಯಿಗಳನ್ನು ಬುಟ್ಟಿಗೆ ಸುರಿದಳು. "ಅದು ಬಿಳೇ ಕಡ್ಡೀದೂ ಅಲ್ಲ, ನೀಲಿ ಕಡ್ಡೀದೂ ಅಲ್ರಿ. ಕೆಂಪ ಕಡ್ಡೀದು. ಸತ್ತಾವು ಅಂತ ಕೀಳಿಸಿ ಒಗಸಿದ್ರೆಲ್ಲಾ, ಅದರಾಗಿಂದು. ತಿಪ್ಪಿ ಮ್ಯಾಲ ಎರಡ ದಿನ ಬಿದ್ದಿದ್ರೂ ನೆತ್ತಿ ಎಲಿ ಹಸರ ಇತ್ತು. ಬೇರಿಗೆ ಕೆಂಪ ಕಡ್ಡಿ ಹಂಗ ಸಿಕ್ಕೊಂಡಿತ್ತು. ಜೀವ ಐತಿ ಅಂತ ಕಡ್ಡಿ ತಗದು ಚೀಲದಾಗ ಹಚ್ಚಿ, ಬಿಳೇ ಸಾಲಿನ ತುದೀಗೆ ಇಟ್ಟೆ. ಆ ಸಾಲಿನಾಗ ನೀವು ಯಾವದನ್ನೂ ಕೀಳ್ತಿದ್ದಿಲ್ಲಲ್ಲಾ."

ಪದ್ಮಜಾ ಕೈಯಲ್ಲಿದ್ದ ಕಾಯಿಯನ್ನು ಹಾಗೇ ಹಿಡಿದು ಕೂತಳು. ನಲವತ್ತೊಂದು. ಮೈಲಾರಲಿಂಗ ಸರಿಯಾಗಿಯೇ ಎಣಿಸಿದ್ದ. ಎರಡು ವರ್ಷ ತಾನು ಹೆದರಿದ್ದು ಯಾವ ಸುಳ್ಳಿಗೋ ಆ ಸುಳ್ಳು ಇರಲೇ ಇಲ್ಲ. ಗಿಡಕ್ಕೆ ಕಿರಣ ಬಿದ್ದಿತ್ತು, ತಾನು ಬರೆದದ್ದಕ್ಕಿಂತ ಹೆಚ್ಚೇ ಬಿದ್ದಿತ್ತು, ಮತ್ತು ಅದನ್ನು ತಾನೇ ಸತ್ತದ್ದೆಂದು ಬರೆದು ಎಸೆಸಿದ್ದಳು. ನಗು ಬಂತು, ಹಿಂದೆಯೇ ನಾಚಿಕೆ ಬಂತು, ಎರಡೂ ಸೇರಿ ಸೀನು ಬಂತು. ಅವತ್ತೇ ಹೇಳಿಬಿಡಬೇಕಾಗಿತ್ತಲ್ಲ ಎಂಬ ಮಾತು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಹೇಳಲಿಕ್ಕೆ ಬಂದಿದ್ದಳಲ್ಲ. ಏಳು ವರ್ಷ ಏಕವಚನದಲ್ಲಿ ಕರೆದ ಹೆಂಗಸನ್ನು ಈಗಷ್ಟೇ ಬಹುವಚನದಲ್ಲಿ ಕೇಳಿದ್ದು ತನ್ನ ಕಿವಿಗೇ ಹೊಸದಾಗಿ ತಟ್ಟಿತು, ಬೀರವ್ವನೂ ಅದನ್ನು ಗಮನಿಸಿರಬೇಕು ಎನಿಸಿತು. ಮೂಗಿನ ಬಟ್ಟೆ ಕೆಳಗೆ ಸರಿಸಿದಳು. ಅವಳು ಮಾತಾಡುವ ಮೊದಲೇ ಹತ್ತಿರದ ನಾಲ್ಕೈದು ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು.

"ಅವತ್ತು ಹತ್ತು ಮಂದಿ ಮುಂದ ನಾ ನಿಮಗ ಮಾತಾಡ್ಲಿಕ್ಕೆ ಬಿಡಲಿಲ್ಲ" ಎಂದಳು. "ಇವತ್ತು ಇವರೆಲ್ಲರ ಮುಂದ ಹೇಳ್ತೀನಿ, ತಪ್ಪು ನಂದು. ಅದನ್ನ ಬದುಕಿಸಿದವರು ನೀವು. ಹಂಗಂತನ ಬರೀತೀನಿ."

ಬೀರವ್ವನ ಮುಖ ಗಟ್ಟಿಯಾಯಿತು, ಕಿವಿಯ ತುದಿ ಕೆಂಪಾಯಿತು. ಸಂಕೋಚವೋ, ಹಳೆಯ ಸಿಟ್ಟು ಹೊರಗೆ ಹೋಗುವ ದಾರಿಯೋ, ತಿಳಿಯಲಿಲ್ಲ. ಅಷ್ಟು ಮಾಡಿದ್ದೀಯಂತೆ, ನಮಗೆ ಒಂದು ದಿನವೂ ಹೇಳಿಲ್ಲವಲ್ಲ ಎಂದು ಜೈತೂನಬಿ ಗೆಳತಿಯನ್ನು ಮೊಣಕೈಯಿಂದ ತಿವಿದಳು. ಬೀರವ್ವ, ಆ ಹೂವು ಈಗ ಪೂರಾ ಒಂದೇ ಬಣ್ಣಕ್ಕೆ ಬಂದಿದೆಯೇ ಎಂದು ಕೇಳಿದಳು. ಬಂದಿದೆ, ಆ ಟೊಂಗೆಯಿಂದಲೇ ತುಂಡು ತೆಗೆದು ತೆಗೆದು ಈಗ ಮುನ್ನೂರು ಗಿಡಗಳಾಗಿವೆ ಎಂದು ಪದ್ಮಜಾ ಫೋನಿನಲ್ಲಿದ್ದ ಚಿತ್ರ ತೋರಿಸಿದಳು. ಮೆಣಸಿನಕಾಯಿಯ ಕೈ ತಾಗದಂತೆ ಬೀರವ್ವ ಮುಖವನ್ನೇ ಬಗ್ಗಿಸಿ ನೋಡಿದಳು. ಬೆಲ್ಲಸ್ಯಾವಂತಿಗಿ ಎಂದಳು, ತನ್ನಷ್ಟಕ್ಕೆ. ಕೆಲಸಕ್ಕೆ ತಿರುಗಿ ಬರುತ್ತೀರಾ ಎಂದು ಕೇಳಿದ್ದಕ್ಕೆ ಇಲ್ಲ ಎಂದು ತಲೆಯಾಡಿಸಿದಳು. ಇಲ್ಲಿ ನಾಲ್ಕು ಮಂದಿ ಮಾತಿಗಿದ್ದಾರೆ, ಬಸ್ಸು ಸಸೂತ್ರ ಇದೆ, ಈ ಕೆಲಸ ಒಗ್ಗಿದೆ. ಅದನ್ನು ಕೇಳಿ ಪದ್ಮಜಾಳಿಗೆ ನೋವಾಯಿತು, ಯಾಕೆಂದರೆ ಕ್ಷಮೆ ಕೇಳಿದರೆ ಎಲ್ಲವೂ ಮೊದಲಿನಂತಾಗುತ್ತದೆ ಎಂದು ಒಳಗೊಳಗೇ ಎಣಿಸಿದ್ದಳು. ಎದ್ದು ಸೀರೆ ಕೊಡವಿಕೊಂಡಳು. ಬಾಗಿಲ ತನಕ ಹೋದವಳನ್ನು ಬೀರವ್ವ ಕೂತಲ್ಲಿಂದಲೇ ಕರೆದಳು.

"ಮೇಡಮ್ಮಾರ, ಇನ್ನೊಮ್ಮೆ ಕರೆಂಟ್ ಕೊಟ್ಟ ಗಿಡ ಇಟ್ರ, ಕಿತ್ತು ಒಗಿಯೂ ಮುಂದ ನನಗೊಂದು ಮಾತು ಹೇಳಿ ಕಳಸ್ರಿ. ಅಷ್ಟ."

ರೈಲು ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಮುಖ ತೊಳೆದು, ಉರಿ ಇಳಿಯುವ ಬದಲು ಹೆಚ್ಚಾದದ್ದಕ್ಕೆ ತನ್ನನ್ನೇ ಬೈದುಕೊಂಡು, ಬಾಳಕೃಷ್ಣ ಸರ್ ಅವರಿಗೆ ಫೋನು ಮಾಡಿದಳು. ಗಾಳಿಯ ಸುಳ್ಳು, ತಿದ್ದಿದ ಅಂಕಿ, ತಿಪ್ಪೆ, ಎಲ್ಲವನ್ನೂ ಕ್ರಮವಾಗಿ ಹೇಳಿದಳು. ಅವರು ಕೆಮ್ಮಲಿಲ್ಲ. ಅವಳಿಗೆ ರಾಣೆಬೆನ್ನೂರಿನ ಆ ಸಭೆ, ಆ ನಗು ಎಲ್ಲ ಮತ್ತೆ ಕಿವಿಗೆ ಬಂದವು, ಆದರೆ ಯಾಕೋ ಅವು ಪಕ್ಕದ ಮನೆಯ ಟಿವಿಯ ಸದ್ದಿನಷ್ಟು ದೂರವಿದ್ದವು. ನೀವು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂದರು ಅವರು ಕೊನೆಗೆ. ಹೌದು ಸರ್ ಎಂದಳು. ವರದಿ ಕಳಿಸುವಂತಿಲ್ಲ, ಪುಸ್ತಕ ತಿದ್ದಿದ್ದಕ್ಕೆ ಲಿಖಿತ ವಿವರಣೆ ಕೊಡಬೇಕು, ಮತ್ತೆ ಮೊದಲಿನಿಂದ ಮಾಡಿ ತೋರಿಸಬೇಕು, ಎರಡು ವರ್ಷ ಹಿಂದಕ್ಕೆ ಹೋದಂತೆ ಎಂದು ಒಂದೊಂದಾಗಿ ಹೇಳಿದರು, ಸಿಟ್ಟಿನಿಂದಲೇ. ಅವಳು ಒಂದೊಂದಕ್ಕೂ ಹೂಂಗುಟ್ಟಿದಳು. ಫೋನು ಇಡುತ್ತಾರೆ ಎನ್ನುವಾಗ ಅವರ ದನಿ ಬದಲಾಯಿತು.

"ಇಪ್ಪತ್ತು ಅಂದ್ರೇನು? ಇಪ್ಪತ್ತರಾಗ ಬದುಕ್ತದ ಅಂದ್ರ, ನಾವು ಇಷ್ಟು ವರ್ಷ ಎಷ್ಟು ಕಿತ್ತು ಒಗದೀವಿ?"

ಕೆಮ್ಮು ಕೇಳಿಸಿತು. ಪದ್ಮಜಾ ಇನ್ನೊಂದು ಚಹಾ ಹೇಳಿದಳು.

ಫೆಬ್ರುವರಿಯಲ್ಲಿ ಅವಳ ವಿವರಣೆ ಹೋಯಿತು, ಮಾರ್ಚಿನಲ್ಲಿ ಎಚ್ಚರಿಕೆಯ ಪತ್ರ ಬಂತು. ಆ ಪತ್ರವನ್ನು ಜಾನಕೀಬಾಯಿಗೆ ಓದಿ ಹೇಳಿದಾಗ ಅವಳು, ನೌಕರಿ ಅದ ಅಲ್ಲ, ಊಟಕ್ಕ ಏಳು ಎಂದಳು. ಏಪ್ರಿಲಿನಲ್ಲಿ ಪದ್ಮಜಾ ಮತ್ತೆ ಒದ್ದೆ ಬಟ್ಟೆಯ ಗಂಟು ಮಡಿಲಲ್ಲಿಟ್ಟುಕೊಂಡು ಹೋಗಿಬಂದಳು; ಈ ಸಲ ಇಪ್ಪತ್ತರ ಅಳತೆಗೇ ನೂರು ತುಂಡು. ಜೂನಿನ ಎರಡನೇ ವಾರ, ಮೊದಲ ಮಳೆ ಬಿದ್ದು ಕರಿಮಣ್ಣು ಕಾಲಿಗೆ ಮೆತ್ತುತ್ತಿದ್ದ ಒಂದು ಬೆಳಿಗ್ಗೆ, ಕೆಂಪು ಕಡ್ಡಿಯ ಸಾಲುಗಳ ಎಣಿಕೆ. ಸಂಶೋಧನೆಗೆ ಹೊಸದಾಗಿ ಸೇರಿದ್ದ ದೀಪಿಕಾ ಸತ್ತವನ್ನು ಬೇರೆ ಮಾಡಿ ಬರೆದುಕೊಂಡಳು. ಮುರುಟಿದವು ಹದಿನೇಳು. ಇವನ್ನೂ ಕೀಳಲೇ ಎಂದು ಕೈ ಚಾಚಿದಾಗ ಪದ್ಮಜಾ ತಡೆದಳು. ಕಾಗಿನೆಲೆ ಬಸ್ಸು ಬರಲಿ ಎಂದಳು. ಮೈಲಾರಲಿಂಗನ ಕೈಯಲ್ಲಿ ಬೀರವ್ವನಿಗೆ ನಿನ್ನೆಯೇ ಹೇಳಿ ಕಳಿಸಿದ್ದಳು. ಒಂಬತ್ತೂವರೆಯ ಬಸ್ಸು ಹತ್ತಾದರೂ ಬರಲಿಲ್ಲ. ಮೈಲಾರಲಿಂಗನೂ ಸೇರಿ ಮೂವರೂ ಬದುವಿನ ಮೇಲೆ ಕೂತು ಕಾದರು. ಎರಡು ಸಲ ತುಂತುರು ಬಂದು ಹೋಯಿತು. ಪ್ರಯೋಗವನ್ನು ಒಬ್ಬ ಕೂಲಿ ಹೆಂಗಸಿಗಾಗಿ ನಿಲ್ಲಿಸಿ ಕೂತಿರುವುದು ದೀಪಿಕಾಳಿಗೆ ವಿಚಿತ್ರವೆನಿಸಿರಬಹುದು, ಅದನ್ನು ವಿವರಿಸಬೇಕು ಎಂದುಕೊಂಡಳು ಪದ್ಮಜಾ. ಆಮೇಲೆ, ಬಂದ ಮೇಲೆ ತಾನೇ ನೋಡುತ್ತಾಳೆ ಎಂದು ಬಿಟ್ಟಳು.

ಬೀರವ್ವ ಬಂದಳು. ಚಪ್ಪಲಿ ಬದುವಿನಲ್ಲಿ ಬಿಟ್ಟು, ಬುತ್ತಿಗಂಟನ್ನು ಗೇಟಿನ ಕೊಕ್ಕೆಗೆ ಸಿಕ್ಕಿಸಿ, ಯಾರ ಕಡೆಯೂ ಹೆಚ್ಚು ನೋಡದೆ ಸಾಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಒಂದೊಂದು ಗಿಡದ ಕಾಂಡವನ್ನೂ ಎರಡು ಬೆರಳಿನಿಂದ ಮುಟ್ಟಿ, ಎಲೆಯ ಅಡಿ ನೋಡಿ, ಕೆಲವನ್ನು ಈ ಕಡೆ, ಕೆಲವನ್ನು ಆ ಕಡೆ ಸರಿಸಿದಳು. ಹೇಗೆ ಗೊತ್ತಾಗುತ್ತದೆ ಎಂದು ದೀಪಿಕಾ ಪುಸ್ತಕ ತೆರೆದು ಕೇಳಿದಳು. ನನಗೂ ತಿಳಿಯುವುದಿಲ್ಲ ಎಂದು ಬೀರವ್ವ ಪ್ರಾಮಾಣಿಕವಾಗಿ ಹೇಳಿದಳು. ಕೊನೆಗೆ ಹನ್ನೊಂದು ಉಳಿಯುವ ಕಡೆ ನಿಂತವು, ಉಳಿದ ಆರು ಕಿತ್ತೆಸೆಯುವ ಬುಟ್ಟಿಯ ಕಡೆ. ಬುಟ್ಟಿಯ ಕಡೆಯ ಒಂದು ಗಿಡವನ್ನು ಪದ್ಮಜಾ ಕೈಗೆತ್ತಿಕೊಂಡಳು. ಮೂರೇ ಎಲೆ, ಅವೂ ಚಮಚದಂತೆ ಒಳಮುಖ ಮಡಚಿದ್ದವು. ಯಾವ ಕಾರಣವೂ ಇಲ್ಲದೆ, ಬರೆಯಬಹುದಾದ ಯಾವ ಲಕ್ಷಣವೂ ಇಲ್ಲದೆ, ಅದನ್ನು ಕೆಳಗಿಡಲು ಅವಳಿಗೆ ಮನಸ್ಸಾಗಲಿಲ್ಲ.

"ಬೀರವ್ವ, ಇದನ್ನ ಇಟ್ಟು ನೋಡೂಣೇನು?"

ಬೀರವ್ವ ಗಿಡವನ್ನು ಇಸಿದುಕೊಂಡು ಬೆಳಕಿಗೆ ಹಿಡಿದಳು, ತಿರುಗಿಸಿದಳು, ಅನುಮಾನದಿಂದ ತುಟಿ ಚಾಚಿದಳು. ಮೈಲಾರಲಿಂಗ, ದೀಪಿಕಾ, ಪದ್ಮಜಾ ಮೂವರೂ ಅವಳ ಮುಖವನ್ನೇ ನೋಡುತ್ತ ನಿಂತಿದ್ದರು.

"ಇದು ಬದುಕೂದಿಲ್ಲರಿ" ಎಂದಳು. ಆಮೇಲೆ ಅದನ್ನು ಪದ್ಮಜಾಳ ಅಂಗೈಯಲ್ಲಿಟ್ಟು, "ಇರಲಿ, ಇಟ್ಕೋರಿ. ನಿಮಗ ಹಂಗ ಅನಿಸಿದ್ರ ಇಟ್ಕೋರಿ" ಎಂದಳು.